ನನಗೆ ಚೆನ್ನಾಗಿ ನೆನಪಿದೆ

ನೀವು ಎಂದಾದರೂ ಸುಳ್ಳು ಹೇಳದೆಯೇ ಸುಳ್ಳುಗಾರರಾಗಿದ್ದೀರಾ? ಪ್ರಶ್ನೆ ವಿಚಿತ್ರವೆನಿಸಬಹುದು. ತಿಳಿದೂ ತಿಳಿದೂ ನಿಜಕ್ಕೆ ವಿರುದ್ಧವಾಗಿ ಆಡುವ ಮಾತೇ ಸುಳ್ಳು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗಾದರೆ ಒಬ್ಬನು ತಾನು ಹೇಳುತ್ತಿರುವುದು ನಿಜವೆಂದೇ ಮನಸಾರೆ ನಂಬಿ, ಅಲ್ಲಾಹನನ್ನು ಸಾಕ್ಷಿಯಾಗಿಟ್ಟು ಆಡಿದ ಮಾತು ನಿಜವಲ್ಲವೆಂದು ಆಮೇಲೆ ತಿಳಿದುಬಂದರೆ ಅದನ್ನು ಏನೆಂದು ಕರೆಯಬೇಕು? ಆ ಮಾತಿನಿಂದ ಇನ್ನೊಬ್ಬನಿಗೆ ಆದ ನಷ್ಟಕ್ಕೆ ಯಾರು ಹೊಣೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ನನ್ನ ಮನೆಯಲ್ಲೇ ಹುಟ್ಟಿದ್ದು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮನೆಗೆ ತಾರಸಿ ಹಾಕಿಸುವಾಗ ಹಣ ಸಾಲದೆ ನನ್ನ ಅಕ್ಕನ ಗಂಡನಿಂದ ಅರುವತ್ತು ಸಾವಿರ ರೂಪಾಯಿ ಕೈಗಡ ಪಡೆದೆ. ನಾವು ಅವರನ್ನು ದುಲ್ಹಾಭಾಯಿ ಎಂದು ಕರೆಯುತ್ತೇವೆ. ಅಡಿಕೆ ಚೇಣಿ ವ್ಯಾಪಾರದ ಮನುಷ್ಯ, ಮಾತು ಕಡಿಮೆ. ಪತ್ರವಿಲ್ಲ, ಸಾಕ್ಷಿಯಿಲ್ಲ, ಮನೆಯವರ ನಡುವೆ ಅದೆಲ್ಲ ಯಾಕೆ ಎಂದು ಇಬ್ಬರೂ ನಕ್ಕೆವು. ಮುಂದಿನ ವರ್ಷ ಬಕ್ರೀದ್ ಕಳೆದ ವಾರ ಅವರು ಮನೆಗೆ ಬಂದಾಗ ಹಣ ಹಿಂತಿರುಗಿಸಿದೆ. ಆ ಸಂಜೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊರಗೆ ಜಡಿಮಳೆ. ಜಗಲಿಯ ಕಟ್ಟೆಯ ಮೇಲೆ ಅವರು ಕುಳಿತಿದ್ದಾರೆ. ಅಮ್ಮಿ ಬಾಗಿಲ ಬಳಿ ನಿಂತಿದ್ದಾರೆ. ನಾನು ಐನೂರರ ನೋಟುಗಳನ್ನು ಎಣಿಸಿ ಕೊಡುತ್ತೇನೆ, ಪೂರ್ತಿ ಅರುವತ್ತು ಸಾವಿರ. ಅವರು ಕಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಒಳ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.

ಎರಡು ವರ್ಷದ ಬಳಿಕ ಅವರ ಮಗಳ ಮದುವೆ ನಿಶ್ಚಯವಾಯಿತು. ಉಳಿದ ಇಪ್ಪತ್ತು ಸಾವಿರ ಈಗ ಸಿಕ್ಕಿದರೆ ಅನುಕೂಲವೆಂದು ದುಲ್ಹಾಭಾಯಿ ಸಂಕೋಚದಿಂದಲೇ ಕೇಳಿದರು. ನಾನು ಬೆಚ್ಚಿಬಿದ್ದೆ. ಯಾವ ಇಪ್ಪತ್ತು ಸಾವಿರ? ಮಾತು ಬೆಳೆಯಿತು. ಮಸೀದಿಯಲ್ಲಿ ಕುರ್‌ಆನ್ ಮುಟ್ಟಿ ಆಣೆ ಮಾಡಲು ಸಿದ್ಧನೆಂದು ನಾನು ಎದ್ದು ನಿಂತೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಬೇಡ ಮೌಲವಿ ಸಾಬ್, ನಿಮ್ಮ ಮಾತೇ ಇರಲಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮನೆಯಲ್ಲಿ ನನ್ನನ್ನು ಯಾವಾಗಲೂ ಹೆಸರು ಹಿಡಿದು ಕರೆಯುತ್ತಿದ್ದವರು ಅಂದು ಮೌಲವಿ ಸಾಬ್ ಎಂದರು. ಆಪಾ ಎಂಟು ತಿಂಗಳು ತವರಿನ ಮೆಟ್ಟಿಲು ಹತ್ತಲಿಲ್ಲ. ನನಗೋ ಅವರ ಮೇಲೆ ಮರುಕ. ಸಜ್ಜನ, ಮದುವೆಯ ಖರ್ಚು ಅವರ ಬುದ್ಧಿ ಕೆಡಿಸಿತಲ್ಲ ಎಂದು ನಮಾಝಿನ ಬಳಿಕ ಅವರಿಗಾಗಿ ದುಆ ಕೂಡ ಮಾಡಿದೆ!

ಎಂಟು ತಿಂಗಳ ನಂತರ ಬೀರು ಸುಣ್ಣಕ್ಕೆಂದು ಸರಿಸಿದಾಗ ಹಳೆಯ ಡೈರಿಯೊಂದು ಸಿಕ್ಕಿತು. ಅದರೊಳಗೆ ಶಾಲೆಯ ಪರೀಕ್ಷೆಯ ಕಾಗದದ ಚೂರು. ನನ್ನದೇ ಅಕ್ಷರ: ದುಲ್ಹಾಭಾಯಿಗೆ ನಲ್ವತ್ತು ಕೊಟ್ಟಿದ್ದೇನೆ, ಬಾಕಿ ಇಪ್ಪತ್ತು, ಕಂಟ್ರಾಕ್ಟರನ ಲೆಕ್ಕ ಮುಗಿದ ಮೇಲೆ. ಕೆಳಗೆ ತಾರೀಖು.

ಓದುಗರೇ, ಇಲ್ಲಿ ಗಮನಿಸಬೇಕಾದ ಸಂಗತಿ ನಾನು ಮರೆತೆನೆಂಬುದಲ್ಲ. ಮರೆವು ಎಲ್ಲರಿಗೂ ಇದೆ. ನಾನು ಮರೆತಿರಲಿಲ್ಲ; ನಡೆಯದ ಸಂಗತಿಯೊಂದನ್ನು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದೆ. ಇನ್ನೂ ಒಂದು ಮಾತು ಹೇಳಿದರೆ ನೀವು ನಂಬಲಾರಿರಿ. ಚೀಟಿ ಸಿಕ್ಕಿದ ಮೇಲೂ ಆ ನೆನಪು ಅಳಿಸಿಲ್ಲ. ಈ ಸಾಲುಗಳನ್ನು ಬರೆಯುವಾಗಲೂ ಕಣ್ಣು ಮುಚ್ಚಿದರೆ ಪೂರ್ತಿ ಅರುವತ್ತು ಸಾವಿರ ಎಣಿಸುತ್ತಿರುವ ನನ್ನ ಕೈಗಳು ಕಾಣಿಸುತ್ತವೆ.

ನನಗೆ ಬುದ್ಧಿಭ್ರಮಣೆಯಾಗಿದೆಯೇ ಎಂಬ ಭಯದಿಂದಲೇ ಮನಃಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದೆ. ಬಸ್ ನಿಲ್ದಾಣಗಳಲ್ಲಿ ಸಿಗುವ ನೆನಪಿನ ಶಕ್ತಿ ಹೆಚ್ಚಿಸುವ ಪುಸ್ತಕಗಳಿಂದ ಏನೂ ದೊರೆಯಲಿಲ್ಲ. ಮನುಷ್ಯ ತನ್ನ ಮೆದುಳಿನ ಶೇಕಡಾ ಹತ್ತನ್ನು ಮಾತ್ರ ಬಳಸುತ್ತಾನೆಂಬ ಮಾತು ಅಂತಹ ಪುಸ್ತಕಗಳಲ್ಲಿ ಪದೇ ಪದೇ ಬರುತ್ತದೆ. ಅದು ಶುದ್ಧ ಸುಳ್ಳು. ಆದರೆ ಈ ಶಾಸ್ತ್ರದಲ್ಲಿ ನಿಜವಾಗಿ ದುಡಿದವರು ಬೇರೆಯೇ ಇದ್ದಾರೆ.

ನೆನಪೆಂದರೆ ಸಂದೂಕದಲ್ಲಿ ಮಡಚಿಟ್ಟ ಬಟ್ಟೆಯಂತೆ, ಬೇಕಾದಾಗ ತೆಗೆದರೆ ಇಟ್ಟಂತೆಯೇ ಇರುತ್ತದೆಂದು ನಾವೆಲ್ಲ ಭಾವಿಸಿದ್ದೇವೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಫ್ರೆಡ್ರಿಕ್ ಬಾರ್ಟ್ಲೆಟ್ ಇದನ್ನು 1932ರಲ್ಲೇ ಅಲ್ಲಗಳೆದರು. ಪರಕೀಯ ಜನಾಂಗದ ಕತೆಯೊಂದನ್ನು ಓದಿಸಿ, ದಿನಗಳು, ತಿಂಗಳುಗಳು ಕಳೆದ ಮೇಲೆ ಮತ್ತೆ ಹೇಳಲು ಹೇಳಿದರೆ, ಹೇಳುವವರು ತಮಗೆ ಅರ್ಥವಾಗದ ಭಾಗಗಳನ್ನು ಬಿಟ್ಟು, ತಮ್ಮ ನಾಡಿನ ರೂಢಿಗೆ ಒಗ್ಗುವಂತೆ ತಿದ್ದಿ ಹೇಳುತ್ತಿದ್ದರು. ತಿದ್ದುತ್ತಿದ್ದೇವೆಂಬ ಅರಿವು ಅವರಿಗಿರಲಿಲ್ಲ. ಅಂದರೆ ನೆನಪು ತೆಗೆಯುವ ವಸ್ತುವಲ್ಲ, ಪ್ರತಿ ಸಲ ಕಟ್ಟುವ ಮನೆ. ಕೆಲವು ಕಲ್ಲುಗಳು ಹಳೆಯವು. ಉಳಿದ ಸಂದುಗಳಿಗೆ ಕೈಗೆ ಸಿಕ್ಕ ಮಣ್ಣು.

ಆ ಮಣ್ಣು ಎಲ್ಲಿಂದ ಬರುತ್ತದೆ? ಅಮೆರಿಕದ ಎಲಿಜಬೆತ್ ಲಾಫ್ಟಸ್ ಎಂಬ ಮಹಿಳಾ ವಿಜ್ಞಾನಿ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕೆಲವರಿಗೆ ಕಾರುಗಳು ಒಂದಕ್ಕೊಂದು ತಗುಲಿದಾಗ ಎಂಬ ಮಾತು ಬಳಸಿ, ಇನ್ನು ಕೆಲವರಿಗೆ ಅಪ್ಪಳಿಸಿದಾಗ ಎಂಬ ಮಾತು ಬಳಸಿ ಕೇಳಿದರು. ತಗುಲಿದಾಗ ಎಂದವರಿಗೆ ಗಂಟೆಗೆ ಸರಾಸರಿ 31.8 ಮೈಲಿ ಕಂಡಿತು. ಅಪ್ಪಳಿಸಿದಾಗ ಎಂದವರಿಗೆ 40.5 ಮೈಲಿ. ಮತ್ತೊಂದು ಪ್ರಯೋಗದಲ್ಲಿ ವಾರ ಕಳೆದು, ಒಡೆದ ಗಾಜು ಕಂಡಿರಾ ಎಂದು ಕೇಳಲಾಯಿತು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ಅಪ್ಪಳಿಸಿದಾಗ ಎಂಬ ಮಾತು ಕೇಳಿದ್ದ 50 ಜನರಲ್ಲಿ 16 ಮಂದಿ ಕಂಡೆವೆಂದರು. ಪ್ರಶ್ನೆಯೊಳಗಿನ ಒಂದು ಕ್ರಿಯಾಪದ ನೆನಪಿನೊಳಗೆ ಗಾಜಿನ ಚೂರುಗಳನ್ನು ಚೆಲ್ಲಿತ್ತು! ನ್ಯಾಯ ಪಂಚಾಯ್ತಿಗೆ ಕುಳಿತುಕೊಳ್ಳುವ ಹಿರಿಯರೂ, ತರಗತಿಯಲ್ಲಿ ಕಳ್ಳತನದ ವಿಚಾರಣೆ ಮಾಡುವ ನನ್ನಂತಹ ಉಪಾಧ್ಯಾಯರೂ ಈ ಪ್ರಯೋಗವನ್ನು ತಿಳಿದಿರಬೇಕು.

ನನ್ನ ಚೀಟಿಯ ಪ್ರಸಂಗಕ್ಕೆ ಇದಕ್ಕಿಂತ ಹತ್ತಿರವಾದುದು ಇನ್ನೊಂದಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲಿ ಸಿಡಿದು ಏಳು ಮಂದಿ ಮಡಿದರು. ಮರುದಿನ ಬೆಳಿಗ್ಗೆಯೇ ಉಲ್ರಿಕ್ ನೀಸರ್ ಎಂಬ ಪ್ರಾಧ್ಯಾಪಕರು ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಎಂದು ಬರೆಯಿಸಿಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆಗಳನ್ನು ಕೇಳಲಾಯಿತು. ನಾಲ್ಕರಲ್ಲಿ ಒಬ್ಬರಷ್ಟು ಜನ ಮುಖ್ಯ ಸಂಗತಿಗಳೆಲ್ಲವನ್ನೂ ತಪ್ಪಾಗಿ ಹೇಳಿದರು. ಎಲ್ಲವನ್ನೂ ಸರಿಯಾಗಿ ಹೇಳಿದವರು ಮೂವರು ಮಾತ್ರ. ತಪ್ಪು ಹೇಳಿದವರಲ್ಲಿ ಹಲವರು ತಮ್ಮ ನೆನಪಿನ ಬಗ್ಗೆ ಪೂರ್ಣ ಖಾತ್ರಿಯಿಂದಿದ್ದರು. ಅವರದೇ ಕೈಬರಹವನ್ನು ಮುಂದಿಟ್ಟಾಗಲೂ ಮೂಲ ನೆನಪು ಮರಳಿ ಬರಲಿಲ್ಲ. ಇದನ್ನು ಓದಿದ ದಿನ ನನಗೆ ಸಮಾಧಾನವಾಯಿತು. ಹುಚ್ಚಲ್ಲ, ನಾನೂ ಎಲ್ಲರಂತೆಯೇ.

ಮೆದುಳಿನೊಳಗೆ ಇದು ಹೇಗೆ ನಡೆಯುತ್ತದೆಂಬುದರ ಬಗ್ಗೆಯೂ ಕೆಲಮಟ್ಟಿಗೆ ತಿಳಿದುಬಂದಿದೆ. ಕಿವಿಗಳ ಮಟ್ಟದಲ್ಲಿ, ಮೆದುಳಿನ ಆಳದಲ್ಲಿ, ಎರಡೂ ಬದಿಗೆ ಸಮುದ್ರಕುದುರೆಯ ಆಕಾರದ ಹಿಪೊಕ್ಯಾಂಪಸ್ ಎಂಬ ಭಾಗವಿದೆ. 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಮೆದುಳಿನಿಂದ ಈ ಭಾಗದ ಬಹುಪಾಲನ್ನು ತೆಗೆದರು. ಆ ಬಳಿಕ 2008ರಲ್ಲಿ ಸಾಯುವ ತನಕ ಹೊಸ ಘಟನೆಗಳ ನೆನಪು ಅವನಲ್ಲಿ ನಿಲ್ಲಲಿಲ್ಲ. ಬಾಲ್ಯ ಮಾತ್ರ ನೆನಪಿತ್ತು. ಇನ್ನು, 2000ದಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಕುತೂಹಲಕರ. ಒಂದು ಶಬ್ದ ಕೇಳಿದೊಡನೆ ಹೆದರುವಂತೆ ಕಲಿಸಿದ ಇಲಿಗಳಿಗೆ ಆ ಶಬ್ದವನ್ನು ಮತ್ತೆ ಕೇಳಿಸಿ, ಒಡನೆಯೇ ಮೆದುಳಿನ ಒಂದು ಭಾಗಕ್ಕೆ ಹೊಸ ಪ್ರೋಟೀನು ತಯಾರಾಗದಂತೆ ತಡೆಯುವ ಔಷಧಿ ಹಾಕಿದರೆ, ಆಮೇಲೆ ಆ ಹೆದರಿಕೆ ಬಹಳಮಟ್ಟಿಗೆ ಕಳೆದುಹೋಗುತ್ತಿತ್ತು. ಶಬ್ದ ಕೇಳಿಸದೆ ಔಷಧಿ ಹಾಕಿದರೆ ಏನೂ ಆಗುತ್ತಿರಲಿಲ್ಲ. ಅಂದರೆ ನೆನಪಿಸಿಕೊಂಡಾಗ ನೆನಪು ಸ್ವಲ್ಪ ಹೊತ್ತು ಹಸಿಯಾಗುತ್ತದೆ, ಮತ್ತೆ ಒಣಗಬೇಕಾಗುತ್ತದೆ. ಇಷ್ಟನ್ನೇ ಹಿಡಿದು, ಮನುಷ್ಯನ ಎಲ್ಲ ನೆನಪುಗಳೂ ಪ್ರತಿ ಸಲ ಹೊಸದಾಗಿ ಬರೆಯಲ್ಪಡುತ್ತವೆಂದು ಘೋಷಿಸುವ ಲೇಖಕರಿದ್ದಾರೆ. ಇಲಿಯಿಂದ ಮನುಷ್ಯನಿಗೆ ಅಷ್ಟು ದೊಡ್ಡ ಹಾರಿಕೆ ನನಗೆ ಸರಿಕಾಣದು.

ಸರಿ, ನೆನಪು ತಪ್ಪುತ್ತದೆ. ತಪ್ಪಿದರೆ ಹೊಣೆ ಯಾರದು? ಜನಪ್ರಿಯ ಪುಸ್ತಕಗಳು ನೀಡುವ ಉತ್ತರ ಸುಲಭವಾದುದು: ನಿಮ್ಮ ಮೆದುಳು ನಿಮಗೆ ಮೋಸ ಮಾಡಿತು. ಮೆದುಳೆಂದರೆ ಪಕ್ಕದ ಮನೆಯವನೋ ಎಂಬಂತೆ! ದುಲ್ಹಾಭಾಯಿಯ ಮುಂದೆ ಎದ್ದು ನಿಂತು ಆಣೆಗೆ ಸಿದ್ಧನಾದದ್ದು ನಾನೋ ನನ್ನ ಮೆದುಳೋ? ಅಲ್ಲದೆ ನನ್ನ ನೆನಪು ಯಾವ ಕಡೆಗೆ ತಪ್ಪಿತು ನೋಡಿ. ನಲ್ವತ್ತು ಹೋಗಿ ಮೂವತ್ತಾಗಲಿಲ್ಲ, ಅರುವತ್ತಾಯಿತು.

ಈ ವಾಲುವಿಕೆಗೆ ಅಮೆರಿಕದ ರಾಜಕೀಯದಲ್ಲಿ ಪ್ರಸಿದ್ಧ ಉದಾಹರಣೆಯಿದೆ. ಅಧ್ಯಕ್ಷ ನಿಕ್ಸನ್‌ರ ವಕೀಲರಾಗಿದ್ದ ಜಾನ್ ಡೀನ್ 1973ರಲ್ಲಿ ವಾಟರ್‌ಗೇಟ್ ಹಗರಣದ ಬಗ್ಗೆ ಸೆನೆಟ್ ಸಮಿತಿಯ ಮುಂದೆ ಎಷ್ಟು ವಿವರವಾದ ಸಾಕ್ಷ್ಯ ನುಡಿದರೆಂದರೆ ಪತ್ರಿಕೆಯವರು ಅವರನ್ನು ಮಾನವ ಟೇಪ್ ರೆಕಾರ್ಡರ್ ಎಂದು ಕರೆದರು. ಆಮೇಲೆ ನಿಜವಾದ ಟೇಪುಗಳೇ ಹೊರಬಂದವು. ಮೇಲೆ ಹೇಳಿದ ನೀಸರ್ ಎರಡನ್ನೂ ಹೋಲಿಸಿ 1981ರಲ್ಲಿ ಪ್ರಕಟಿಸಿದರು. ಹಗರಣವನ್ನು ಮುಚ್ಚಿಹಾಕಲು ಯತ್ನ ನಡೆದಿತ್ತೆಂಬ ಡೀನ್‌ರ ಮುಖ್ಯ ಮಾತು ಸತ್ಯ. ಆದರೆ 1972ರ ಸೆಪ್ಟೆಂಬರ್ 15ರ ಭೇಟಿಯಲ್ಲಿ ಅಧ್ಯಕ್ಷರು ತನ್ನನ್ನು ಹೀಗೆ ಕುಳ್ಳಿರಿಸಿ ಹೀಗೆ ಹೊಗಳಿದರೆಂದು ಅವರು ವರ್ಣಿಸಿದ್ದರಲ್ಲಿ ಬಹುತೇಕ ಮಾತುಗಳು ಟೇಪಿನಲ್ಲಿ ಇರಲೇ ಇಲ್ಲ. ಡೀನ್ ಸುಳ್ಳು ಹೇಳಲಿಲ್ಲ. ನೆನಪು ಅವರನ್ನು ಇದ್ದುದಕ್ಕಿಂತ ಒಂದಿಷ್ಟು ಮುಖ್ಯರನ್ನಾಗಿ ಮಾಡಿತ್ತು. ನಮ್ಮೊಳಗಿನ ನಫ್ಸ್ ಲೆಕ್ಕ ಬರೆಯುವ ಗುಮಾಸ್ತನ ಪಕ್ಕದಲ್ಲೇ ಕುಳಿತಿರುತ್ತದೆಂದು ಮದ್ರಸದ ಉಸ್ತಾದರು ಹೇಳುತ್ತಿದ್ದುದು ನನಗೆ ಆಗ ಜ್ಞಾಪಕಕ್ಕೆ ಬಂತು. (ಅವರು ಹೇಳಿದ್ದು ನಿಜವೇ, ಅಥವಾ ನಾನೇ ಕಟ್ಟಿದ್ದೇ? ಈಗ ಇಂತಹ ಸಂಶಯಗಳು ಸಾಮಾನ್ಯವಾಗಿಬಿಟ್ಟಿವೆ.)

ಹಾಗೆಂದು ತಪ್ಪು ನೆನಪೆಲ್ಲವೂ ಸ್ವಾರ್ಥದಿಂದ ಬರುವುದಲ್ಲ. 1984ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ 22 ವಯಸ್ಸಿನ ವಿದ್ಯಾರ್ಥಿನಿಯೊಬ್ಬಳ ಮೇಲೆ ರಾತ್ರಿ ಮನೆಗೆ ನುಗ್ಗಿದ ಅಪರಿಚಿತನೊಬ್ಬ ಅತ್ಯಾಚಾರವೆಸಗಿದ. ಆ ಘೋರ ಗಳಿಗೆಯಲ್ಲೂ ಆಕೆ, ಬದುಕಿ ಉಳಿದರೆ ಇವನನ್ನು ಗುರುತು ಹಿಡಿಯಲೇಬೇಕೆಂದು ಅವನ ಮುಖವನ್ನು ಎಚ್ಚರದಿಂದ ಗಮನಿಸಿದಳು. ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ರೊನಾಲ್ಡ್ ಕಾಟನ್ ಎಂಬ ಯುವಕನನ್ನು ಆರಿಸಿದಳು. ಬಳಿಕ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದಳು. ಸರಿಯಾಗಿ ಗುರುತಿಸಿದೆ ಎಂಬ ಮೆಚ್ಚುಗೆಯೂ ದೊರೆಯಿತು. ಪ್ರತಿ ಹೆಜ್ಜೆಗೂ ಖಾತ್ರಿ ಹೆಚ್ಚುತ್ತ ಹೋಗಿ, ನ್ಯಾಯಾಲಯದಲ್ಲಿ ಆಕೆಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ತಂದು ಎದುರಿಗೆ ನಿಲ್ಲಿಸಿದರೂ ಆಕೆ ಅವನನ್ನು ಗುರುತಿಸಲಿಲ್ಲ. ಅಷ್ಟರಲ್ಲಿ ಆಕೆಯ ನೆನಪಿನಲ್ಲಿ ಆ ರಾತ್ರಿಯ ಮುಖ ಕಾಟನ್‌ನ ಮುಖವಾಗಿಬಿಟ್ಟಿತ್ತು. 1995ರಲ್ಲಿ ಡಿ.ಎನ್.ಎ. ಪರೀಕ್ಷೆ ಸತ್ಯ ಹೇಳಿತು. ಕಾಟನ್ ಹತ್ತು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದಿದ್ದರು.

ಆಕೆ ಸುಳ್ಳುಗಾತಿಯೇ? ಖಂಡಿತ ಅಲ್ಲ. ಆಕೆಯೇ ಅನ್ಯಾಯಕ್ಕೊಳಗಾದವಳು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆನಂತರ ನಡೆದುದು. ಮೆದುಳು ಮೋಸ ಮಾಡಿತು, ಪೊಲೀಸರು ದಾರಿ ತಪ್ಪಿಸಿದರು ಎಂದು ಹೇಳಿ ಸುಮ್ಮನಾಗುವ ಹಕ್ಕು ಯಾರಿಗಾದರೂ ಇದ್ದರೆ ಅದು ಆಕೆಗೆ ಇತ್ತು. ಹಾಗೆ ಮಾಡದೆ ಆಕೆ ಕಾಟನ್‌ರನ್ನು ಮುಖತಃ ಭೇಟಿಯಾಗಿ ಕ್ಷಮೆ ಕೇಳಿದರು. ಅವರು ಕ್ಷಮಿಸಿದರು. 2009ರಲ್ಲಿ ಇಬ್ಬರೂ ಸೇರಿ ಒಂದು ಪುಸ್ತಕವನ್ನೇ ಹೊರತಂದರು. ಸುಳ್ಳು ಹೇಳದೆ ಇದ್ದವರು ಯಾತಕ್ಕಾಗಿ ಕ್ಷಮೆ ಕೇಳಿದರು?

ಇದಕ್ಕೆ ಉತ್ತರ ಹುಡುಕುವಾಗ ನಾನು ಓದಿದ ಫಿಕ್‌ಹ್ ನನ್ನ ನೆರವಿಗೆ ಬಂತು. ಗತಕಾಲದ ಸಂಗತಿಯೊಂದು ಹೀಗೆಯೇ ನಡೆಯಿತೆಂದು ನಂಬಿ ಆಣೆಯಿಟ್ಟು, ಅದು ಹಾಗೆ ನಡೆದಿರದಿದ್ದರೆ, ಹನಫಿ ವಿದ್ವಾಂಸರು ಅದನ್ನು ಯಮೀನೆ ಲಗ್ವ್ ಎನ್ನುತ್ತಾರೆ. ಅದರ ಮೇಲೆ ಪರಲೋಕದ ವಿಚಾರಣೆಯಿಲ್ಲವೆಂಬ ಆಶಯವಿದೆ. ತಪ್ಪು ಮತ್ತು ಮರೆವಿನ ಪಾಪವನ್ನು ಈ ಸಮುದಾಯಕ್ಕೆ ಮನ್ನಿಸಲಾಗಿದೆಯೆಂಬ ಪ್ರವಾದಿ(ಸ) ವಚನವೂ ಇದೆ. ಅಂದರೆ ಅಂದು ಮಸೀದಿಯಲ್ಲಿ ನಾನು ಆಣೆ ಮಾಡಿದ್ದರೂ ಪಾಪಿಯಾಗುತ್ತಿರಲಿಲ್ಲವೇನೋ. ಆದರೆ ದುಲ್ಹಾಭಾಯಿಯ ಇಪ್ಪತ್ತು ಸಾವಿರ? ಅದೇ ಫಿಕ್‌ಹ್ ಇದನ್ನೂ ಹೇಳುತ್ತದೆ: ಮರೆವಿನಿಂದ ಪಾಪ ಎದ್ದುಹೋದರೂ ಇನ್ನೊಬ್ಬನ ಹಕ್ಕು ಎದ್ದುಹೋಗದು. ಕೈತಪ್ಪಿ ಒಬ್ಬನ ಪಾತ್ರೆ ಒಡೆದವನು ಪಾಪಿಯಲ್ಲ, ಬೆಲೆ ಮಾತ್ರ ಕೊಡಲೇಬೇಕು. ಕೈತಪ್ಪಿ ಪ್ರಾಣಹಾನಿಯಾದರೂ ಕುರ್‌ಆನ್ ರಕ್ತಪರಿಹಾರವನ್ನು ವಿಧಿಸಿದೆ. ನಾವಾದರೋ ಪಾಪ ಮತ್ತು ಹೊಣೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ನನ್ನ ಉದ್ದೇಶ ಒಳ್ಳೆಯದಿತ್ತೆಂದು ಎರಡನ್ನೂ ಒಟ್ಟಿಗೆ ಎಸೆದುಬಿಡುತ್ತೇವೆ.

ಇನ್ನೊಂದು ಗೊಂದಲವೂ ನಮ್ಮಲ್ಲಿದೆ. ಮನುಷ್ಯ ಒಳ್ಳೆಯವನಾದರೆ ಅವನ ಮಾತೂ ಸರಿಯೆಂದು ಭಾವಿಸುತ್ತೇವೆ. ಹದೀಸ್ ವಿದ್ವಾಂಸರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇವೆರಡನ್ನು ಬೇರ್ಪಡಿಸಿದ್ದರು. ವರದಿಗಾರನಲ್ಲಿ ಅವರು ಎರಡು ಗುಣಗಳನ್ನು ಪ್ರತ್ಯೇಕವಾಗಿ ನೋಡುತ್ತಿದ್ದರು: ಅದಾಲತ್, ಅಂದರೆ ಅವನ ಪ್ರಾಮಾಣಿಕತೆ, ದಬ್ತ್, ಅಂದರೆ ಕೇಳಿದ್ದನ್ನು ಕೇಳಿದಂತೆಯೇ ಉಳಿಸಿಕೊಳ್ಳುವ ಬಿಗಿ. ರಾತ್ರಿಯಿಡೀ ನಮಾಝ್ ಮಾಡುವ ಸಾತ್ವಿಕನಾದರೂ ದಬ್ತ್ ಇಲ್ಲದಿದ್ದರೆ ಅವನ ವರದಿ ದುರ್ಬಲ. ಈಜಿಪ್ಟಿನ ಕಾಝಿಯಾಗಿದ್ದ ಇಬ್ನು ಲಹೀಅ (ಮರಣ ಹಿಜರಿ 174) ದೊಡ್ಡ ವಿದ್ವಾಂಸ. ಅವರ ಪುಸ್ತಕಗಳು ಬೆಂಕಿಗಾಹುತಿಯಾದುವೆಂದೂ ಆ ಬಳಿಕ ನೆನಪಿನಿಂದ ಹೇಳುವಾಗ ಅವರ ವರದಿಗಳು ಕಲಸುಮೇಲೋಗರವಾದುವೆಂದೂ ಬರೆದಿದ್ದಾರೆ. ಅದಕ್ಕೆ ಮೊದಲು ಕೇಳಿದವರು ಯಾರು, ನಂತರ ಕೇಳಿದವರು ಯಾರು ಎಂದು ವಿದ್ವಾಂಸರು ಪಟ್ಟಿಮಾಡಿದರು. ಇದರಲ್ಲಿ ಅವರಿಗೆ ಅವಮಾನವೆಂದು ಯಾರೂ ಭಾವಿಸಲಿಲ್ಲ. ನಮ್ಮ ಮನೆಗಳಲ್ಲಿ ಹಾಗಲ್ಲ. ನಿಮ್ಮ ನೆನಪು ತಪ್ಪಿರಬಹುದು ಎಂದರೆ ಸಾಕು, ನನ್ನನ್ನು ಸುಳ್ಳ ಎನ್ನುತ್ತೀಯಾ ಎಂದು ಸಿಡಿಮಿಡಿಗೊಳ್ಳುತ್ತೇವೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಕನ್ನಡದ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೋ! ಅದು ಇನ್ನೊಬ್ಬರ ಕಣ್ಣಿಗೆ ಹೇಳಿದ್ದೆಂದೇ ತಿಳಿದಿದ್ದೆ.

ಇಷ್ಟು ಓದಿದ ಮೇಲೆ ಯಾರಾದರೂ, ಹಾಗಾದರೆ ಹಾಫಿಝರು ಇಡೀ ಕುರ್‌ಆನನ್ನು ನೆನಪಿನಲ್ಲಿಟ್ಟಿರುವುದು ಹೇಗೆ ಎಂದು ಕೇಳಬಹುದು. ನಮ್ಮ ಮದ್ರಸದಲ್ಲಿ ಹಿಫ್ಝ್ ಮಾಡುವ ಹುಡುಗರನ್ನು ನೋಡಿದವರಿಗೆ ಉತ್ತರ ಗೊತ್ತು. ಹೊಸ ಪಾಠವನ್ನು ಉಸ್ತಾದರಿಗೆ ಒಪ್ಪಿಸಬೇಕು. ವಾರದ ಹಿಂದಿನದನ್ನು ಮತ್ತೆ ಒಪ್ಪಿಸಬೇಕು. ಹಳೆಯದನ್ನು ದಿನವೂ ಸುತ್ತುತ್ತಿರಬೇಕು. ಎದುರಿಗೆ ಬರೆದ ಗ್ರಂಥ ಯಾವಾಗಲೂ ಇದೆ. ರಮಝಾನಿನ ತರಾವೀಹ್‌ನಲ್ಲಿ ಓದುವ ಹಾಫಿಝರ ಹಿಂದೆ ಇನ್ನೊಬ್ಬ ಹಾಫಿಝ್ ನಿಂತು ಕಿವಿಗೊಟ್ಟಿರುತ್ತಾನೆ. ತಪ್ಪಿದೊಡನೆ ಲುಕ್ಮಾ ಕೊಡುತ್ತಾನೆ, ಅಂದರೆ ಸರಿಯಾದ ಪದವನ್ನು ಹಿಂದಿನಿಂದ ಹೇಳುತ್ತಾನೆ. ಅರುವತ್ತು ದಾಟಿದ ಹಾಫಿಝರು ಹದಿಮೂರರ ಹುಡುಗನಿಂದ ಲುಕ್ಮಾ ಪಡೆದು, ನಮಾಝಿನ ನಡುವೆಯೇ ತಿದ್ದಿಕೊಂಡು ಮುಂದೆ ಓದುವುದನ್ನು ನಾನು ಕಂಡಿದ್ದೇನೆ. ತಿದ್ದುವವರು ಒಬ್ಬರಿಲ್ಲದೆ ಆ ನೆನಪು ಕೂಡ ನಿಲ್ಲದು. ಹೀಗಿರುವಾಗ ಕೈಗಡದ ಲೆಕ್ಕ, ತಂದೆ ಆಸ್ಪತ್ರೆಯಲ್ಲಿ ಕೊನೆಗೆ ಆಡಿದ ಮಾತು, ಅತ್ತೆ ಹತ್ತು ವರ್ಷದ ಹಿಂದೆ ಅಂದದ್ದು, ಇವಕ್ಕೆಲ್ಲ ಎಂದೂ ಯಾರಿಗೂ ಒಪ್ಪಿಸದ ನಮ್ಮ ನೆನಪೊಂದೇ ಸಾಕೆಂದು ನಾವು ನಂಬುವುದು ಯಾವ ಧೈರ್ಯದಿಂದ?

ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ನಿಮಗೆ ತಿಳಿದಿರಬಹುದು. ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸ್ವರ್ಗವಲ್ಲ, ನರಕವಲ್ಲ. ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಚಿಕ್ಕದಾದರೂ ದೊಡ್ಡದಾದರೂ ಬರೆಯಲು ಬೇಸರಿಸಬಾರದೆಂಬುದು. ಮದ್ರಸದಲ್ಲಿ ಅದನ್ನು ಅರ್ಥಸಹಿತ ಓದಿದವನು ನಾನು, ಇತರರಿಗೆ ಪಾಠವನ್ನೂ ಮಾಡಿದ್ದೇನೆ. ಅಪ್ರಾಮಾಣಿಕರಿಂದ ಪಾರಾಗಲು ಅದು ಬಂದಿದೆಯೆಂದೇ ನಾನು ತಿಳಿದಿದ್ದೆ. ಅದರಿಂದಲೇ, ಮನೆಯವರ ನಡುವೆ ಯಾಕೆ ಎಂದು ನಕ್ಕಿದ್ದು.

ಚೀಟಿ ಸಿಕ್ಕಿದ ಮರುದಿನವೇ ಹಣ ಹೊಂದಿಸಿಕೊಂಡು ಆಪಾಳ ಮನೆಗೆ ಹೋದೆ. ದುಲ್ಹಾಭಾಯಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಚೀಟಿಯನ್ನು ಅವರ ಕೈಗಿಟ್ಟು, ನನ್ನದು ತಪ್ಪಾಯಿತೆಂದೆ. ಅವರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಹೇಳಿದ ಮಾತನ್ನು ನಾನು ಆ ರಾತ್ರಿಯೇ ಬರೆದಿಟ್ಟಿದ್ದೇನೆ. "ನಾನೇ ತಪ್ಪಿದೆನೋ ಅಂತ ಆಗಿಬಿಟ್ಟಿತ್ತು. ನೀನು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ, ನನಗೂ ಈಚೆಗೆ ಅರುವತ್ತು ತಗೊಂಡ ಹಾಗೇ ಕಾಣೋದಕ್ಕೆ ಶುರುವಾಗಿತ್ತು."

ಹಣಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು. ಇಪ್ಪತ್ತು ಸಾವಿರವನ್ನು ಹಿಂತಿರುಗಿಸಬಹುದು. ಎಂಟು ತಿಂಗಳು ಆ ಮನುಷ್ಯ ತನ್ನ ಸ್ವಂತ ಕಣ್ಣುಗಳನ್ನೇ ನಂಬದಂತೆ ಮಾಡಿದ್ದೆನಲ್ಲ, ಅದನ್ನು ಯಾವ ನೋಟಿನಲ್ಲಿ ಎಣಿಸಿ ಕೊಡುವುದು? ನಾನು ತಲೆ ತಗ್ಗಿಸಿ ಕುಳಿತೆ. ಆಪಾ ಒಳಗಿನಿಂದ ಚಹಾ ತಂದು ಇಟ್ಟಳು, ಮಾತಾಡಲಿಲ್ಲ. ಅವಳು ತವರಿಗೆ ಬಂದದ್ದು ಅದಾಗಿ ಇನ್ನೂ ಒಂದು ತಿಂಗಳ ಮೇಲೆ.

ಅವಳು ಬಂದ ದಿನ ಅಮ್ಮಿಯನ್ನು ಕೇಳಿದೆ. ಆ ಸಂಜೆ ಬಾಗಿಲ ಬಳಿ ನಿಂತಿದ್ದವರು ಅವರೊಬ್ಬರೇ. ಜಗಳದ ದಿನಗಳಲ್ಲಿ ಇಬ್ಬರಲ್ಲಿ ಯಾರ ಪರವಾಗಿಯೂ ಬಾಯಿಬಿಟ್ಟಿರಲಿಲ್ಲ. ಈಗ ಕೇಳಿದಾಗ ಎಲೆಯಡಿಕೆಯ ತಟ್ಟೆಯಿಂದ ತಲೆಯೆತ್ತಿ, ಅಂದು ನಾನು ಕೊಟ್ಟದ್ದು ಐವತ್ತು ಸಾವಿರವೆಂದೂ, ತನಗೆ ಚೆನ್ನಾಗಿ ನೆನಪಿದೆಯೆಂದೂ, ಮಳೆ ಬರುತ್ತಿರಲಿಲ್ಲವೆಂದೂ ಹೇಳಿದರು. ಆಪಾ ನನ್ನ ಮುಖ ನೋಡಿದಳು. ಚೀಟಿ ನನ್ನ ಜೇಬಿನಲ್ಲೇ ಇತ್ತು. ನಾನು ತೆಗೆಯಲಿಲ್ಲ.